ಕೊನೆಯವರು ಯಾರು?

ಡ್ಯಾನ್ಯೂಬ್ ದಂಡೆಯ ಆ ಪಟ್ಟಣದ ಉದ್ಯೋಗ ಕಚೇರಿಗೆ ಹೊಸ ಚೀಟಿ ಯಂತ್ರ ಬಂದಿತ್ತು. ಅದಕ್ಕೆ ಬಾಯಿ ಮಾತ್ರ ಇರಲಿಲ್ಲ. ನಂಬರು ಗೋಡೆಯ ಪರದೆಯ ಮೇಲೆ ಮೂಡುತ್ತಿತ್ತು, ಕಂಡವರು ಎದ್ದು ಹೋಗುತ್ತಿದ್ದರು. ಈ ಬದಲಾವಣೆಯಿಂದ ಅಂಗವಿಕಲರಿಗೆ ಏನಾಗುತ್ತದೆಂದು ವರದಿ ಬರೆಯಲು ಅಂಧರ ಸಂಘ ಜ್ಲಾತಿನಾಳನ್ನು ಕಳಿಸಿತ್ತು. ಹುಟ್ಟಿನಿಂದ ಕಣ್ಣು ಕಾಣದ ಅವಳೂ ಕೆಲಸವಿಲ್ಲದವಳೇ. ಅವಳ ತಿಂಗಳ ರುಜುವಿನ ದಿನವೂ ಅಂದೇ. ಹನ್ನೆರಡರೊಳಗೆ ಹಾಕದಿದ್ದರೆ ನಿರುದ್ಯೋಗಿಗಳ ಪಟ್ಟಿಯಿಂದ ಹೆಸರು ಹೋಯಿತು. ಆರು ತಿಂಗಳು ಯಾರ ಕಾಲು ಹಿಡಿದರೂ ಬಾರದು.

ನಿರ್ದೇಶಕ ಮ್ಲಾದೆನೊವ್ ಕಾಫಿ ತರಿಸಿದ. "ನೀವ್ಯಾಕಮ್ಮಾ ಹೊರಗೆ ಕಾಯ್ತೀರಿ? ಇಲ್ಲೇ ರುಜು ಹಾಕಿ. ಈ ವರದಿಗೂ ಒಂದು ಹಾಕ್ಬಿಡಿ. 'ತೊಂದರೆ ಏನಿಲ್ಲ' ಅಂತ ಬರೆಸಿಟ್ಟಿದೀನಿ."

"ನನಗೆ ನಿಮ್ಮ ರೂಮಿದೆ. ಉಳಿದವರಿಗೆ?" ಎಂದು ಅವಳು ಎದ್ದು ಹೊರಗೆ ಬಂದಳು.

ಕಾವಲುಗಾರ ಚೀಟಿ ತೆಗೆದುಕೊಟ್ಟ, ಮೂವತ್ತೊಂದು. ಕುಳಿತಳು. ಕುರ್ಚಿಗಳು ಕಿರುಗುಟ್ಟಿದವು, ಬೂಟುಗಳು ಓಡಾಡಿದವು, ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಪಕ್ಕದವರನ್ನು ಕೇಳಿದರೆ ಮೂವತ್ತೆಂಟು ನಡೆಯುತ್ತಿದೆ.

"ಹೋಗ್ಬಿಡ್ತಲ್ಲಮ್ಮಾ, ಇನ್ನೊಂದು ಚೀಟಿ ತಗೊಳ್ಳಿ" ಎಂದ ಕಾವಲುಗಾರ. ಆಗಲೇ ಹನ್ನೊಂದು ಕಾಲು.

ಅವಳಿಗೆ ಮೈ ಉರಿಯಿತು. ಆ ಊರಲ್ಲಿ ಸಾಲು ನಿಂತವರೇ ಇಲ್ಲ. ರೊಟ್ಟಿ ಅಂಗಡಿಯಾಗಲಿ, ಆಸ್ಪತ್ರೆಯಾಗಲಿ, ಒಳಗೆ ಬಂದವರು ಕೊನೆಯವರು ಯಾರೆಂದು ಕೇಳಿ, ಆ ದನಿಯನ್ನು ನೆನಪಿಟ್ಟು ಎಲ್ಲಾದರೂ ಕೂರುತ್ತಿದ್ದರು. ಹಾಗೆ ಮೂವತ್ತು ವರ್ಷದಲ್ಲಿ ಅವಳ ಸರದಿ ಒಮ್ಮೆಯೂ ತಪ್ಪಿರಲಿಲ್ಲ.

ಕೋಲು ಕುಟ್ಟಿ ಎದ್ದು ನಿಂತಳು. "ಕೊನೆಯವರು ಯಾರು?"

ಕುರ್ಚಿಗಳು ಕಿರುಗುಟ್ಟಿ ಅವಳತ್ತ ತಿರುಗಿದವು. ಆಮೇಲೊಂದು ಕೆಮ್ಮು. "ನಾನು, ಅಕ್ಕಾ. ಇಸ್ಕ್ರೆನ್."

"ನಿಮ್ಮ ಹಿಂದೆ ನಾನು."

"ಇಸ್ಕ್ರೆನ್ ಮುಂದೆ ನಾನು ಕಣ್ರೀ!" ಎಂದು ಕಿಟಕಿ ಕಡೆಯಿಂದ ಒಬ್ಬಳು ಕೂಗಿದಳು. "ಅಕ್ಕನ ಹಿಂದೆ ನಾನು" ಎಂದಿತು ಬಾಗಿಲ ಬಳಿಯ ದನಿ. ನೋಡನೋಡುತ್ತ ಇಡೀ ಕೋಣೆ ದನಿಯಿಂದಲೇ ಸಾಲಾಯಿತು. ಪರದೆಯಲ್ಲಿ ನಂಬರು ಮಿನುಗಿದ್ದೇ ಬಂತು, ಯಾರೂ ಏಳಲಿಲ್ಲ. ರುಜು ಹಾಕಿಸುವ ಗುಮಾಸ್ತೆ ರೋಸಿಹೋಗಿ ತಾನೇ "ನಲವತ್ತೆರಡು!" ಎಂದು ಅರಚಿದಳು.

"ಅಬ್ಬಾ, ನಿಂಗೂ ಬಾಯಿದೆಯಲ್ಲ ತಾಯೀ!" ಎಂದ ಇಸ್ಕ್ರೆನ್. ಎಲ್ಲರೂ ನಕ್ಕರು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ, ಆ ಕೆಮ್ಮಿನ ಬೆನ್ನಿಗೇ ಹೋಗಿ ಜ್ಲಾತಿನಾ ರುಜು ಹಾಕಿದಳು. ಮತ್ತೆ ಕೂತು, ತೊಡೆಯ ಮೇಲೆ ಬ್ರೈಲ್ ಹಲಗೆಯಿಟ್ಟು ತನ್ನ ವರದಿ ಚುಚ್ಚತೊಡಗಿದಳು: ತೊಂದರೆ ಇದೆ. ಕಿವಿ ಕೇಳದವರಿಗೆ ಪರದೆ ಇರಲಿ, ನಮಗೆ ನಂಬರು ಕೂಗಿರಿ. ಪರದೆ ಕಾಣದೆ ಸರದಿ ತಪ್ಪಿಹೋಗಿದ್ದ ಇನ್ನೂ ನಾಲ್ವರು ತಮ್ಮದನ್ನೂ ಬರೆಸಲು ಸುತ್ತ ಸೇರಿದರು.

ಮ್ಲಾದೆನೊವ್ ಧಾವಿಸಿ ಬಂದ. "ನನ್ನ ವರದಿಗೆ ರುಜು, ಅಮ್ಮಾ?"

"ಇವರದಾಗ್ಲಿ. ಸರದಿ ಪ್ರಕಾರ ಬನ್ನಿ."

ಅವನು ಗಂಟಲು ಸರಿಮಾಡಿಕೊಂಡು, "ಕೊನೆಯವರು ಯಾರು?" ಎಂದು ಗೊಣಗಿದ.

ಜ್ಲಾತಿನಾ ಹೆಮ್ಮೆಯಿಂದ ತಲೆಯೆತ್ತಿದಳು. "ಜೋರಾಗಿ ಹೇಳಿ ಸ್ವಾಮೀ. ನಮಗೆ ಕೇಳ್ಬೇಕು."