ಮೇಲಿನ ತುದಿ ಸೊನ್ನೆ

“ಐವತ್ತೊಂದು!” ಎಂದು ಕೂಗಿ ಪಾಯಿಂಟು ರಂಗದ ಹಿಂಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದಳು. ಬರೆದದ್ದು ಸಾಲದೆಂಬಂತೆ ಸುತ್ತ ಒಂದು ವೃತ್ತವನ್ನೂ ಎಳೆದಳು. “ಮರಳಿನ ಮೂಟೆ ಎಲ್ಲಾ ಹೇರಿದ್ಮೇಲೆ ಗೇಜಿನ ಮುಳ್ಳು ಐವತ್ತೊಂದನೇ ಗೆರೆ ಹತ್ರ ನಿಲ್ಲುತ್ತೆ. ನಿಲ್ಲದಿದ್ರೆ ನನ್ನ ಹೆಸರೇ ಬದಲಾಯಿಸಿ!”

“ಅದನ್ನ ನಾನು ಆಗಲೇ ಬದಲಾಯಿಸಿದ್ದೀನಲ್ಲೇ,” ಎಂದಳು ಅಕ್ಕ, ಮೆಟ್ಟಿಲ ಮೇಲೆ ಕೂತು ಸಂಜೆಯ ಸೀರೆಗೆ ಪಿನ್ನು ಚುಚ್ಚುತ್ತ.

ನಿಜ. ಚಿಕ್ಕವಳಿದ್ದಾಗ ಎಷ್ಟು ಹಾಲು ಕುಡಿದೆ ಎಂದು ಕೇಳಿದರೆ “ಸೊನ್ನೆ ಪಾಯಿಂಟ್ ಏಳು ಲೋಟ” ಎನ್ನುತ್ತಿದ್ದ ತಂಗಿಗೆ ಅಕ್ಕ ಇಟ್ಟ ಹೆಸರು ಪಾಯಿಂಟು. ಈಗ ಇಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದಿದ್ದರೂ ಹೆಸರು ಅಂಟಿಕೊಂಡೇ ಇತ್ತು.

ಅವಳ ತಲೆಯ ಮೇಲೆ, ಒಂದೂವರೆ ಆಳೆತ್ತರದಲ್ಲಿ, ಚಂದ್ರ ತೂಗುತ್ತಿದ್ದ. ಭಾವ ಮರದಲ್ಲಿ ಕೆತ್ತಿದ ಬಿದಿಗೆ ಚಂದ್ರ. ಭಾವ ಇದೇ ರಂಗಮಂದಿರದ ಬಡಗಿ, ಅಕ್ಕ ಇಲ್ಲಿಯ ನಟಿ. ಇವತ್ತಿನ ನಾಟಕ ಅಕ್ಕ ತಾನೇ ಆಡಿಸುತ್ತಿರುವ ಮೊದಲ ನಾಟಕ, ಅದರ ಕೊನೆಯ ದೃಶ್ಯದಲ್ಲಿ ಅವಳು ಚಂದ್ರನ ಮೇಲೆ ಕೂತು ಮಾತಾಡಬೇಕು. ಮೊದಲು ಹಗ್ಗದಲ್ಲೇ ತೂಗು ಹಾಕಿದ್ದರು. ತಾಲೀಮಿನಲ್ಲಿ ಚಂದ್ರ ಮೆಲ್ಲಗೆ ತಿರುಗಿ, ಅಕ್ಕ ತನ್ನ ಅತ್ಯಂತ ಕರುಣಾಜನಕ ಮಾತನ್ನೆಲ್ಲ ಹಿಂಗೋಡೆಗೆ ಹೇಳಿ ಮುಗಿಸಿದ್ದಳು. ಆಮೇಲೆ ಹಗ್ಗ ಹೋಗಿ ಉಕ್ಕಿನ ಸರಳು ಬಂತು. ಉಗ್ರಾಣದಲ್ಲಿ ಸಿಕ್ಕ ಮೂರು ಸರಳು: ಮೇಲೆ ದಪ್ಪದ್ದು, ನಡುವೆ ಮಧ್ಯಮ, ಕೆಳಗೆ ಸಣ್ಣದು. ಒಂದರ ತುದಿಗೆ ಒಂದನ್ನು ತಿರುಪಿನಂತೆ ತಿರುಗಿಸಿ ಸೇರಿಸಿ ಮಾಡಿನ ಉಕ್ಕಿನ ತೊಲೆಯಿಂದ ಇಳಿಬಿಟ್ಟಿದ್ದರು.

ಅಲ್ಲಿಗೆ ಮ್ಯಾನೇಜರು ಅಡ್ಡ ಬಂದಿದ್ದರು. “ಹೊರುತ್ತೆ ಅಂತ ಎಲ್ಲರೂ ಹೇಳ್ತಾರಮ್ಮ. ಬಿದ್ಮೇಲೆ ಹೊರಲಿಲ್ಲ ಅಂತಾನೂ ಎಲ್ಲರೂ ಹೇಳ್ತಾರೆ. ನಿನಗೆ ಗೊತ್ತಿದೆ ಅನ್ನೋದಾದ್ರೆ ಎಷ್ಟು ಹಿಗ್ಗುತ್ತೆ ಅಂತ ಮೊದಲೇ ಹೇಳು, ಆಮೇಲೆ ಭಾರ ಹೇರು. ಹೇಳಿದ್ದಕ್ಕೂ ಆಗಿದ್ದಕ್ಕೂ ತಾಳೆ ಬಿದ್ರೆ ನಿಮ್ಮಕ್ಕ ಮೇಲೆ. ಇಲ್ದಿದ್ರೆ ಸ್ಟೂಲು.”

ಸ್ಟೂಲು! ಅಕ್ಕನ ಚಂದ್ರ ಸ್ಟೂಲಾಗುವುದೇ? ಪಾಯಿಂಟು ಹಳೆಯ ಪೋಸ್ಟರೊಂದರ ಬೆನ್ನು ಹಿಡಿದು ಕೂತುಬಿಟ್ಟಿದ್ದಳು. ಅವಳಿಗೆ ಆ ವರ್ಷ ಹಿಡಿದ ಹುಚ್ಚೇ ಫೈನೈಟ್ ಎಲಿಮೆಂಟ್ ಲೆಕ್ಕದ್ದು. ಊಟಕ್ಕೆ ಕರೆದರೂ ಅದೇ, ಬಸ್ಸಿನಲ್ಲೂ ಅದೇ.

“ನೋಡಿ ಭಾವ, ಉಕ್ಕು ಅಂದ್ರೆ ಗಟ್ಟಿ ಅಂದ್ಕೋತೀವಲ್ಲ, ಅದೆಲ್ಲಾ ಸುಳ್ಳು. ಎಲ್ಲಾ ರಬ್ಬರ್ರೇ, ಸ್ವಲ್ಪ ಜಿಪುಣ ರಬ್ಬರ್ರು ಅಷ್ಟೇ! ಇಡೀ ಸರಳನ್ನ ಒಂದೇ ಸಲ ಯೋಚನೆ ಮಾಡಿದ್ರೆ ತಲೆ ಕೆಡುತ್ತೆ. ತುಂಡು ಮಾಡ್ಬೇಕು. ಒಂದೊಂದು ತುಂಡೂ ಒಂದು ಸ್ಪ್ರಿಂಗು. ದಪ್ಪ ಇದ್ರೆ ಬಿಗಿ, ಉದ್ದ ಇದ್ರೆ ಸಡಿಲ. ಒಂದೊಂದಕ್ಕೂ ಪುಟಾಣಿ ಕೋಷ್ಟಕ. ತುಂಡು ತುಂಡು ಸೇರೋ ಕಡೆ ಗಂಟು. ಮೇಲಿನ ತುಂಡಿನ ಕೆಳಗಿನ ತುದಿ ಎಷ್ಟು ಇಳಿಯುತ್ತೋ ಕೆಳಗಿನ ತುಂಡಿನ ಮೇಲಿನ ತುದೀನೂ ಅಷ್ಟೇ ಇಳೀಬೇಕು, ಇಬ್ಬರೂ ಒಪ್ಪಲೇಬೇಕು! ಆಗ ಪುಟಾಣಿ ಕೋಷ್ಟಕಗಳನ್ನೆಲ್ಲಾ ಒಂದರ ಮೇಲೊಂದು ಸರಿಸಿ ಇಟ್ಟು ದೊಡ್ಡ ಕೋಷ್ಟಕ ಕಟ್ಟೋದು.”

“ನಾದಿನಿಯವರೇ, ಉಸಿರು ತಗೊಳ್ಳಿ,” ಎಂದಿದ್ದ ಭಾವ.

ಕೊನೆಗೆ ಅವಳಿಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ. ದೊಡ್ಡ ಕೋಷ್ಟಕದ ಮೊದಲ ಸಾಲು ಎಂದರೆ ಸರಳಿನ ಮೇಲಿನ ತುದಿ. ಅದು ಮಾಡಿಗೆ ಬಿಗಿದದ್ದು, ಅಲುಗುವುದಿಲ್ಲ. ಅಲ್ಲಿ ಸೊನ್ನೆ ಎಂದು ಬರೆದು ಆ ಸಾಲನ್ನೇ ಪರ್‌ರೆಂದು ಹೊಡೆದು ಹಾಕುವುದು. ತರಗತಿಯಲ್ಲೂ ಇಷ್ಟೇ ಖುಷಿಯಿಂದ ಹೊಡೆದು ಹಾಕುತ್ತಿದ್ದಳು. ಹೊಡೆದ ಮೇಲೆ ಉಳಿದದ್ದು ನೀರು ಕುಡಿದಷ್ಟು ಸಲೀಸು. ಮೊದಲ ಗಂಟು ಹತ್ತು ಗೆರೆ ಇಳಿಯಬೇಕು, ಎರಡನೆಯದು ಇಪ್ಪತ್ತನಾಲ್ಕು, ಕೆಳತುದಿ ಐವತ್ತೊಂದು. ಒಂದು ಗೆರೆ ಎಂದರೆ ಮಿಲಿಮೀಟರಿನಲ್ಲಿ ನೂರನೆಯ ಒಂದು ಪಾಲು. ಕಾಲೇಜಿನಿಂದ ಕೇಳಿ ತಂದ ಡಯಲ್ ಗೇಜು ನೆಲದಿಂದ ನಿಲ್ಲಿಸಿದ ದಪ್ಪ ಪೈಪಿನ ನೆತ್ತಿಯ ಮೇಲೆ ಕೂತು, ತನ್ನ ಪುಟ್ಟ ಮೂಗನ್ನು ಸರಳಿನ ಕೆಳತುದಿಗೆ ತಾಗಿಸಿ ಕಾಯುತ್ತಿತ್ತು.

“ಹೇರಿ!” ಎಂದಳು ಪಾಯಿಂಟು.

ಭಾವ ಮೂಟೆಗಳನ್ನು ಒಂದೊಂದಾಗಿ ಚಂದ್ರನ ಮಡಿಲಿಗೆ ಏರಿಸಿದ. ಅಕ್ಕನಂಥ ಐವರು ಕೂತಷ್ಟು ಭಾರ. ಪಾಯಿಂಟು ಏಣಿಯ ಮೇಲೆ ನಿಂತು ಮುಳ್ಳನ್ನೇ ನುಂಗುವಂತೆ ನೋಡುತ್ತಿದ್ದಳು. ಇಪ್ಪತ್ತು. ನಲವತ್ತು. ಐವತ್ತೊಂದು ಬಂತು... ಐವತ್ತೊಂದು ಹೋಯಿತು. ಇನ್ನೂ ಅರ್ಧಕ್ಕಿಂತ ಹೆಚ್ಚು ಮೂಟೆ ನೆಲದ ಮೇಲೇ ಇತ್ತು.

ಕೊನೆಯ ಮೂಟೆ ಏರಿದಾಗ ಮುಳ್ಳು ಪೂರ್ತಿ ಒಂದು ಸುತ್ತು ಬಂದು, ಮತ್ತೆ ಮೂವತ್ತೆರಡು ಗೆರೆ ಮುಂದೆ ಹೋಗಿ ನಿಂತಿತು.

“ನೂರ ಮೂವತ್ತೆರಡು,” ಎಂದರು ಮ್ಯಾನೇಜರು, ಗೋಡೆಯ ಮೇಲಿನ ವೃತ್ತವನ್ನೂ ಅವಳನ್ನೂ ನೋಡಿ. ಅವರ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ಕಷ್ಟ. “ಸ್ಟೂಲಿಗೆ ಬಣ್ಣ ಹೊಡೆಸ್ಲಾ?”

“ಒಂದು ನಿಮಿಷ ಇರಿ ಸಾರ್,” ಎಂದು ಅಕ್ಕ ಎದ್ದು ಬಂದಳು. “ಐದು ಜನದ ಭಾರ ಹೊತ್ಕೊಂಡು ಚಂದ್ರ ಆರಾಮಾಗಿ ನಿಂತಿದ್ದಾನಲ್ವಾ? ಬಿದ್ನಾ? ಇಲ್ಲ. ಒಂದು ಕೂದಲೆಳೆ ಆಚೆ ಈಚೆ ಆಯ್ತು ಅಂತ ಸ್ಟೂಲಾ? ಲೇ ಪಾಯಿಂಟು, ಹೇಳೇ ಅವರಿಗೆ.”

ಪಾಯಿಂಟು ಹೇಳಬಹುದಿತ್ತು. ಸರಳು ಮುರಿಯುವ ಮಟ್ಟ ಇನ್ನೂ ಎಷ್ಟೋ ದೂರವಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಎಂಬತ್ತೊಂದು ಗೆರೆ ಎಲ್ಲಿಂದ ಬಂತು? ಅವಳಿಗೆ ಗೊತ್ತಿಲ್ಲದ ಯಾವುದೋ ಒಂದು, ಅಕ್ಕನ ತಲೆಯ ಮೇಲೆ, ಎಲ್ಲೋ ಹಿಗ್ಗುತ್ತಿತ್ತು.

“ಇಲ್ಲ ಅಕ್ಕಾ. ನಾನು ನಿನ್ನ ಕೂರಿಸಲ್ಲ.”

“ಏನಂದೆ?”

“ಯಾಕೆ ಅಂತ ಗೊತ್ತಾಗದೆ ಕೂರಿಸಲ್ಲ.”

ಅಕ್ಕನ ಮುಖ ಕೆಂಪಾಯಿತು. “ವಾರದಿಂದ ಮನೆಯಲ್ಲಿ ನಿನ್ನ ತುಂಡು, ಗಂಟು, ಸೊನ್ನೆ ಎಲ್ಲಾ ಕೇಳಿಸ್ಕೊಂಡೆ. ಅನ್ನ ಬಡಿಸೋಕೆ ಬಂದ್ರೆ ತಟ್ಟೆ ಪಕ್ಕ ಮ್ಯಾಟ್ರಿಕ್ಸು. ನೀನು ಹೂಂ ಅಂದ್ರೆ ಕೂರ್ತೀನಿ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದೆ. ಈಗ ನೀನೇ ಬೇಡ ಅಂತೀಯಾ?”

“ನಾನು ಹೂಂ ಅಂದ್ರೆ ಕೂರ್ತೀಯ ಅಂತಾನೇ ಬೇಡ ಅಂತಿರೋದು!”

ಅಕ್ಕ ಸೀರೆ ಎತ್ತಿಕೊಂಡು ಪರದೆಯ ಹಿಂದಕ್ಕೆ ಹೋದಳು. ಭಾವ ಮರಳಿನ ಮೂಟೆಯೊಂದನ್ನು ಸುಮ್ಮನೆ ತಟ್ಟುತ್ತ ನಿಂತ.

“ಸಾರ್, ಮಧ್ಯಾಹ್ನದವರೆಗೆ ಬಿಡಿ. ಆಮೇಲೆ ಸ್ಟೂಲಿಗೆ ನಾನೇ ಬಣ್ಣ ಹೊಡೀತೀನಿ,” ಎಂದಳು ಪಾಯಿಂಟು. ಮ್ಯಾನೇಜರು ಗಡಿಯಾರ ನೋಡಿ, ತಲೆಯಾಡಿಸಿ, ಮೊದಲ ಸಾಲಿನ ಕುರ್ಚಿಯಲ್ಲಿ ಕೂತರು.

“ಕೆಳಗಿನ ಸಣ್ಣ ಸರಳೇ ಕಣ್ರೀ,” ಎಂದ ಭಾವ. “ನೋಡಿದ್ರೇ ಗೊತ್ತಾಗುತ್ತೆ, ಬಡಕಲು.”

ಅವಳಿಗೂ ಹಾಗೇ ಅನ್ನಿಸಿತ್ತು. ಹಾಗಿದ್ದರೆ ಮೇಲಿನ ಎರಡು ಗಂಟುಗಳು ಲೆಕ್ಕದಂತೆಯೇ ಇಳಿದಿರಬೇಕು, ತಪ್ಪೆಲ್ಲ ಕೊನೆಯ ತುಂಡಿನದೇ. ನೋಡಿಬಿಡುವುದೇ! ಇರುವುದು ಒಂದೇ ಗೇಜು. ಮೂಟೆಗಳನ್ನೆಲ್ಲ ಇಳಿಸಿದರು. ಮುಳ್ಳು ಹೊರಟಲ್ಲಿಗೇ ವಾಪಸು ಬಂತು, ಅಂದರೆ ಯಾವುದೂ ಜಾರಿಲ್ಲ. ಗೇಜನ್ನು ಚಕ್ರದ ಅಟ್ಟಣೆಗೆ ಬಿಗಿದು ಎರಡನೆಯ ಗಂಟಿಗೆ ತಾಗಿಸಿದಳು.

“ಮತ್ತೆ ಹೇರಬೇಕಾ?” ಭಾವ ಸೊಂಟ ಹಿಡಿದುಕೊಂಡ.

“ಮತ್ತೆ ಹೇರಬೇಕು. ಅಟ್ಟಣೆ ಮುಟ್ಟಬೇಡಿ. ಅದರ ಹತ್ರ ಸೀನಲೂಬೇಡಿ.”

ಇಪ್ಪತ್ತನಾಲ್ಕು ಬರಬೇಕಿತ್ತು. ಬಂದದ್ದು ನೂರ ಐದು.

“ಅಯ್ಯೋ, ಇದೂ ಕೆಟ್ಟಿತಾ?” ಎಂದ ಭಾವ. ಪಾಯಿಂಟು ಬೆರಳಲ್ಲೇ ಗಾಳಿಯಲ್ಲಿ ಕಳೆಯುತ್ತಿದ್ದಳು. ನೂರ ಐದರಲ್ಲಿ ಇಪ್ಪತ್ತನಾಲ್ಕು ಹೋದರೆ... ಅವಳ ಕಣ್ಣು ದೊಡ್ಡದಾಯಿತು. “ಇಳಿಸಿ, ಇಳಿಸಿ ಭಾವ, ಬೇಗ ಇಳಿಸಿ, ಮೇಲಿನ ಗಂಟು ನೋಡ್ಬೇಕು!”

“ನಿಮ್ಮಕ್ಕನ್ನ ಮದುವೆ ಆಗುವಾಗ ಇದನ್ನ ಯಾರೂ ಹೇಳಿರಲಿಲ್ಲ,” ಎಂದು ಗೊಣಗುತ್ತ ಭಾವ ಮತ್ತೆ ಇಳಿಸಿ ಮತ್ತೆ ಹೇರಿದ. ಈ ಸಲ ಮ್ಯಾನೇಜರೂ ಕೋಟು ಕಳಚಿ ಒಂದು ಕೈ ಹಾಕಿದರು. ಪರದೆಯ ಸಂದಿಯಿಂದ ಅಕ್ಕನ ಒಂದು ಕಣ್ಣು ಕಾಣುತ್ತಿತ್ತು.

ಹತ್ತು ಬರಬೇಕಿದ್ದ ಮೇಲಿನ ಗಂಟಿನಲ್ಲಿ ತೊಂಬತ್ತೊಂದು.

“ಎಂಬತ್ತೊಂದು!” ಪಾಯಿಂಟು ಅಟ್ಟಣೆಯ ಮೇಲೇ ಕುಣಿದಳು, ಗೇಜು ಗಾಬರಿಯಾಗಿ ಅಲ್ಲಾಡಿತು. “ಎಂಬತ್ತೊಂದು, ಎಂಬತ್ತೊಂದು, ಎಂಬತ್ತೊಂದು! ಮೂರು ಕಡೇನೂ ಅಷ್ಟೇ ಜಾಸ್ತಿ! ಸರಳುಗಳು ಬಂಗಾರದಂಥವು ಸಾರ್, ಒಂದೊಂದೂ ನಾನು ಹೇಳಿದಷ್ಟೇ ಹಿಗ್ಗಿದೆ! ಇಡೀ ಸರಳೇ ಅನಾಮತ್ತಾಗಿ ಕೆಳಗೆ ಬಂದಿದೆ. ತಪ್ಪಿರೋದು ಇಲ್ಲೆಲ್ಲೂ ಅಲ್ಲ, ಮೇಲೆ!”

ಹೇಳುತ್ತಲೇ ಅವಳ ಕಣ್ಣು ಕೆಳಗೆ ನೆಲದ ಮೇಲೆ ಹರಡಿದ್ದ ಪೋಸ್ಟರಿನ ಕಡೆ ಹೋಯಿತು. ಅಷ್ಟು ಎತ್ತರದಿಂದಲೂ ಕಾಣುತ್ತಿತ್ತು, ಎಷ್ಟು ಗಟ್ಟಿಯಾಗಿ ಗೀಚಿದ್ದಳು ಆ ಮೊದಲ ಸಾಲನ್ನು. ಸರಳಿನ ದಪ್ಪ ಅಳೆದಿದ್ದಳು, ಉದ್ದ ಅಳೆದಿದ್ದಳು. ತೊಲೆಯ ಹತ್ತಿರ ಒಮ್ಮೆಯೂ ಹತ್ತಿ ಹೋಗಿರಲಿಲ್ಲ. ಅಲುಗುವುದಿಲ್ಲ ಎಂದು ಅವಳಿಗೆ ಹೇಳಿದವರಾದರೂ ಯಾರು? ಯಾರೂ ಇಲ್ಲ. ಸೊನ್ನೆ ಎಂದು ಅವಳೇ ಬರೆದದ್ದು.

ಅಟ್ಟಣೆಯ ತುದಿಯಿಂದ ಮಾಡಿನ ಏಣಿ ಹಿಡಿದು ಸರಸರ ಹತ್ತಿದಳು. ಸರಳು ತೊಲೆಯ ತೂತಿನಿಂದ ಮೇಲೆ ಬಂದು, ವಾಷರಿನ ಮೇಲೆ ನಟ್ಟು ಬಿಗಿಸಿಕೊಂಡು ಕೂತಿತ್ತು. ವಾಷರಿಗೂ ತೊಲೆಗೂ ನಡುವೆ, ನಾಜೂಕಾಗಿ ಅಂಚು ಉಜ್ಜಿ ನಯ ಮಾಡಿದ ಒಂದು ಮರದ ಬಿಲ್ಲೆ.

“ಭಾವಾ! ಇಲ್ಲಿ ಮರ ಯಾರು ಇಟ್ಟಿದ್ದು?”

ಕೆಳಗಿನಿಂದ ಒಂದು ಕೆಮ್ಮು.

“ಅದು... ಕಿರ್ ಅಂತಿತ್ತು.”

“ಏನು ಕಿರ್ ಅಂತಿತ್ತು?”

“ಚಂದ್ರ. ಕೂತು ಎದ್ದಾಗಲೆಲ್ಲಾ ಉಕ್ಕಿಗೆ ಉಕ್ಕು ಉಜ್ಜಿ ಕಿರ್ ಅಂತಿತ್ತು. ನಿಮ್ಮಕ್ಕ ಕೊನೇ ಮಾತು ಹೇಳೋವಾಗ ಅಷ್ಟು ಮೆಲ್ಲಗೆ ಹೇಳ್ತಾಳೆ. ಆಗ ಕಿರ್ ಅಂದ್ರೆ? ಅದಕ್ಕೇ ಒಂದು ಸಣ್ಣ ಬಿಲ್ಲೆ... ಅದೂ ಒಂದು ತುಂಡಾಗುತ್ತೆ ಅಂತ ನನಗೇನು ಗೊತ್ತು?”

ಪರದೆಯ ಸಂದಿಯ ಕಣ್ಣು ಭಾವನ ಕಡೆ ತಿರುಗಿತು. ಪಾಯಿಂಟು ಮೇಲೆ ಕೂತು ನಕ್ಕಳು. ನಾಲ್ಕನೆಯ ತುಂಡು! ಉಕ್ಕಿನ ಮೂರೂ ತುಂಡು ಸೇರಿ ಹಿಗ್ಗಿದ್ದಕ್ಕಿಂತ ಹೆಚ್ಚು, ಅಂಗೈ ಅಗಲದ ಈ ಮರವೊಂದೇ ಕುಗ್ಗಿತ್ತು. ಇಷ್ಟು ದಿನ ಲೆಕ್ಕದ ಹೊರಗೆ, ಗೀಚಿದ ಸಾಲಿನ ಅಡಿಯಲ್ಲಿ ಹಾಯಾಗಿ ಕೂತಿತ್ತು.

“ಸರಿ, ಈಗ ಮರ ಸೇರಿಸಿ ಲೆಕ್ಕ ಮಾಡಿದ್ರೆ ನೂರ ಮೂವತ್ತೆರಡು ಬರುತ್ತೆ ಅಂತೀಯ,” ಎಂದರು ಮ್ಯಾನೇಜರು. “ಉತ್ತರ ನೋಡ್ಕೊಂಡು ಲೆಕ್ಕ ಮಾಡೋದಾದ್ರೆ ನಾನೂ ಮಾಡ್ತೀನಮ್ಮ.”

“ಇಲ್ಲ ಸಾರ್! ಗೋಡೆ ಮೇಲಿನ ಅಂಕಿ ಅಳಿಸಲ್ಲ. ಮರ ತೆಗೆದು ಉಕ್ಕಿನ ಬಿಲ್ಲೆ ಇಡ್ತೀನಿ. ಇದೇ ಐವತ್ತೊಂದು ಬರಬೇಕು. ಬರದಿದ್ರೆ ಸ್ಟೂಲು.”

ಭಾವ ಉಗ್ರಾಣದಿಂದ ದಪ್ಪನೆಯ ಉಕ್ಕಿನ ಬಿಲ್ಲೆ ತಂದ, ತೂತು ಕೊರೆದ, ತಾನೇ ಹತ್ತಿ ಬದಲಾಯಿಸಿದ, ತಾನೇ ನಟ್ಟು ಬಿಗಿದ. ಗೇಜು ಮತ್ತೆ ಪೈಪಿನ ನೆತ್ತಿಗೆ ಬಂತು. ಮೂಟೆಗಳು ಏರತೊಡಗಿದವು. ಪಾಯಿಂಟುವಿಗೆ ನೋಡಲು ಧೈರ್ಯ ಬರಲಿಲ್ಲ, ಏಣಿಯ ಮೇಲೆ ಕಣ್ಣು ಮುಚ್ಚಿ ನಿಂತಳು. ಎಲ್ಲ ಮೂಟೆ ಏರಿ ಸದ್ದು ಅಡಗಿದಾಗ ಕಿವಿಯ ಪಕ್ಕ ಬಿಸಿ ಉಸಿರು ತಾಗಿತು. ಅಕ್ಕ ಏಣಿಯ ಇನ್ನೊಂದು ಕಡೆಯಿಂದ ಹತ್ತಿ ಬಂದು ಗೇಜಿನೊಳಗೆ ಇಣುಕುತ್ತಿದ್ದಳು.

“ದೊಡ್ಡ ಗೆರೆ ಐವತ್ತು ತಾನೇ? ಅದರಿಂದ ಆಚೆ ಒಂದು, ಎರಡು, ಮೂರು. ಐವತ್ತಮೂರು ಕಣೇ. ಇದು ಸರಿನಾ ತಪ್ಪಾ?”

“ಎರಡೇ ಎರಡು ಗೆರೆ! ತೊಲೆ ಅಕ್ಕಾ, ಅದು ತೊಲೆ!” ಪಾಯಿಂಟು ಅಕ್ಕನ ಭುಜ ಹಿಡಿದು ಅಲ್ಲಾಡಿಸಿದಳು. “ಅದೂ ಒಂಚೂರು ಬಾಗುತ್ತೆ! ಯಾವುದೂ ಪೂರ್ತಿ ಸೊನ್ನೆ ಅಲ್ಲ!”

ಮ್ಯಾನೇಜರು ಗೋಡೆಯ ಹತ್ತಿರ ಹೋಗಿ ಅಂಕಿಯನ್ನು ಹತ್ತಿರದಿಂದ ನೋಡಿದರು. ಆಮೇಲೆ ಸ್ಟೂಲನ್ನು ಎತ್ತಿ, ಅದರ ಮೇಲೆ ತಮ್ಮ ಕೋಟು ಇಟ್ಟು, ಎರಡನ್ನೂ ರಂಗದ ಆಚೆ ಒಯ್ದರು.

“ಕಿರ್ ಅನ್ನುತ್ತೆ, ನೋಡು,” ಎಂದ ಭಾವ ಮೆಲ್ಲಗೆ.

“ಅಂದ್ರೆ ಅನ್ನಲಿ ಬಿಡಿ,” ಎಂದಳು ಅಕ್ಕ. “ಚಂದ್ರನಿಗೂ ವಯಸ್ಸಾಗಿದೆ.” ಹೇಳಿ ಭಾವನ ತೋಳಿನ ಮರಳು ಕೊಡವಿದಳು.

ಮೂಟೆಗಳು ಇಳಿದವು. ಮುಳ್ಳು ಸೊನ್ನೆಗೆ ಬಂತು. ಅಕ್ಕ ಸೀರೆ ಸಿಕ್ಕಿಸಿಕೊಂಡು ಚಂದ್ರನ ಮೇಲೆ ಕೂತಳು. ಕಿರ್. ಪಾಯಿಂಟು ಗೇಜಿನ ಮುಂದೆಯೇ ಇದ್ದಳು. ಅಕ್ಕ ತನ್ನ ತೂಕ ಅರವತ್ತು ಕಿಲೋ ಎಂದು ಹೇಳಿದ್ದಳು, ಅಷ್ಟಕ್ಕೆ ಮುಳ್ಳು ಹತ್ತರ ಹತ್ತಿರ ನಿಲ್ಲಬೇಕು. ಹತ್ತಕ್ಕೆ ಬಂತು. ಹನ್ನೊಂದು. ಹನ್ನೆರಡರಲ್ಲಿ ನಿಂತಿತು.

“ಏನೇ, ನಾನು ಹೇಳಿದ್ದಕ್ಕೆ ಸರಿಹೋಯ್ತಾ?” ಮೇಲಿನಿಂದ ಅಕ್ಕನ ದನಿ ಬಂತು.

ಭಾವ ಹಿಂದಿನಿಂದ ಬಗ್ಗಿ ಗೇಜು ನೋಡಿದ. ನಾದಿನಿಯ ಮುಖ ನೋಡಿದ. ಬೇಗಬೇಗ ಬೇರೆ ಕಡೆ ತಿರುಗಿದ.

“ಹೂಂ ಅಕ್ಕಾ. ಸರಿಹೋಯ್ತು.”

ದೀಪದವರು ಒಂದು ದೀಪ ಬಿಟ್ಟು ಉಳಿದದ್ದನ್ನೆಲ್ಲ ಆರಿಸಿದರು. ಖಾಲಿ ಕುರ್ಚಿಗಳ ಕಡೆ ಮುಖ ಮಾಡಿ ಅಕ್ಕ ಕೊನೆಯ ಮಾತನ್ನು ಹೇಳತೊಡಗಿದಳು, ಅಷ್ಟು ಮೆಲ್ಲಗೆ. ಭಾವ ನಯ ಮಾಡಿದ ಮರದ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ, ಅದರ ಮೇಲೆ ವಾಷರಿನ ದುಂಡನೆಯ ಅಚ್ಚು ಮೂಡಿತ್ತು. ಪಾಯಿಂಟು ಇನ್ನೂ ಏಣಿಯಿಂದ ಇಳಿದಿರಲಿಲ್ಲ. ಗಾಜಿನ ಹಿಂದೆ, ಹನ್ನೆರಡನೆಯ ಗೆರೆಯ ಆಚೆ ಈಚೆ, ಅಕ್ಕ ಉಸಿರು ಎಳೆದಾಗಲೆಲ್ಲ ಮುಳ್ಳು ಕೂದಲೆಳೆಯಷ್ಟು ನಡುಗಿ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು.