ಕಾಫಿ ಕುಡಿದಾದ ಮೇಲೆ ಕೇಳಿದ ಪ್ರಶ್ನೆ

ಸಾಲ್ತ್ ಊರಿನ ಇಂತಿಸಾರ್‌ಗೆ ಒಂದು ಹೆಮ್ಮೆಯಿತ್ತು. ಮಗಳು ಸುಂದುಸ್ ತನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಮುಚ್ಚಿಡಲು ಆ ಹುಡುಗಿಯ ಹತ್ತಿರ ಏನಾದರೂ ಉಳಿದಿದ್ದರೆ ತಾನೆ? ಚಿಕ್ಕವಳಿದ್ದಾಗ ಮಗಳು ಅತ್ತರೆ, "ನಿಂಗೆ ಬೇಜಾರಾಗಿಲ್ಲ ಕಣೇ, ನಿದ್ದೆ ಬಂದಿದೆ" ಎಂದು ಮಲಗಿಸುತ್ತಿದ್ದಳು. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ ಬೆರಳಿಟ್ಟು ತೋರಿಸುತ್ತಿದ್ದವಳೂ ಅಮ್ಮನೇ. ಸುಂದುಸ್‌ಗೆ ಈಗ ಇಪ್ಪತ್ತೈದು. ಔಷಧಿ ಅಂಗಡಿಯಲ್ಲಿ ನಿಂತು, ಯಾವ ಮಾತ್ರೆ ಯಾವಾಗ ನುಂಗಬೇಕೆಂದು ಊರಿಗೆಲ್ಲ ಹೇಳುತ್ತಾಳೆ. ಮನೆಗೆ ಬಂದರೆ ಹಸಿವಾಗಿದೆ ಎನ್ನುವುದನ್ನೂ ಅಮ್ಮನೇ ಹೇಳಬೇಕು. ಅಪ್ಪ ಫವ್ವಾಜ್ ಸಾಧು ಮನುಷ್ಯ, ಬಾಯಿ ಬಿಡುವ ಪೈಕಿಯಲ್ಲ.

ಕುತೈಬ ಎಂಬ ಹುಡುಗನಿಗೆ ಹೆಣ್ಣು ಕೇಳಲು ಶುಕ್ರವಾರ ಮಧ್ಯಾಹ್ನ ಮೂವತ್ತು ಗಂಡಸರು ಬಂದು ಹಜಾರದಲ್ಲಿ ಕೂತರು. ಅವರ ಹಿರಿಯ, ತನ್ನ ಮುಂದಿಟ್ಟ ಕಾಫಿಯನ್ನು ಮುಟ್ಟದೆ ಮಾತೆತ್ತಿದ. "ಕುಡಿಯಿರಿ" ಎಂದು ಹೆಣ್ಣಿನ ಅಪ್ಪ ಹೇಳಿದರೆ ಹೆಣ್ಣು ಕೊಟ್ಟಂತೆ. ಮಗಳ ಮನಸ್ಸು ತಿಳಿದುಕೊಂಡೆಯಾ ಎಂದು ಫವ್ವಾಜ್ ಹಿಂದಿನ ದಿನವೇ ಹೆಂಡತಿಯನ್ನು ಕೇಳಿದ್ದ. ನನಗೆ ಗೊತ್ತಿಲ್ಲದ ಮನಸ್ಸು ಅವಳಿಗೆ ಎಲ್ಲಿಂದ ಬರಬೇಕು ಎಂದು ಅವಳು ಗದರಿದ್ದಳು. ಅದನ್ನೇ ನಂಬಿ ಅವನು "ಕುಡಿಯಿರಿ" ಎಂದ. ಎಲ್ಲರೂ ಕುಡಿದರು.

ನಿಕಾಹ್ ಕೂಡ ಅಂದೇ ಎಂದಾಗಿತ್ತು; ಅದನ್ನು ಬರೆಯುವ ಮುದಿ ಶೇಖ್ ಪುಸ್ತಕ ಹಿಡಿದು ಹೆಂಗಸರ ಕೋಣೆಗೆ ಬಂದರು.

"ಕುತೈಬನ್ನ ಮದುವೆ ಆಗೋಕೆ ನಿಂಗೆ ಒಪ್ಪಿಗೆ ಇದೆಯೇನಮ್ಮಾ?"

"ಇದೆ" ಎಂದಳು ಇಂತಿಸಾರ್.

"ನಾನು ಕೇಳಿದ್ದು ನಿಮ್ಮನ್ನಲ್ಲ ತಾಯಿ. ನಿಮಗೆ ಆಗ್ಲೇ ಮದುವೆ ಆಗಿದೆ" ಎಂದರು ಶೇಖ್. ಹೆಂಗಸರು ನಕ್ಕರು. ಶೇಖ್ ಮತ್ತೆ ಕೇಳಿದರು.

ಸುಂದುಸ್ ಅಮ್ಮನತ್ತ ತಿರುಗಿದಳು. ಅವಳ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಭಯವೂ ಇರಲಿಲ್ಲ.

"ಅಮ್ಮಾ, ನಂಗೆ ಇಷ್ಟ ಇದೆಯಾ?"

ನಗು ನಿಂತುಹೋಯಿತು. ತಮಾಷೆಯೇನೋ ಎಂದು ಇಂತಿಸಾರ್ ಮಗಳ ಕಣ್ಣನ್ನೇ ಹುಡುಕಿದಳು. ತಮಾಷೆಯಲ್ಲ, ಹುಡುಗಿ ನಿಜವಾಗಿಯೂ ಕೇಳುತ್ತಿದ್ದಳು. ಹೌದು ಎಂದರೆ ಮೂವತ್ತು ಜನರ ಮುಂದೆ ಮಾನ ಉಳಿಯುತ್ತದೆ, ಮಗಳೂ ತಲೆಯಾಡಿಸುತ್ತಾಳೆ. ಇಲ್ಲ ಎಂದರೂ ತಲೆಯಾಡಿಸುತ್ತಾಳೆ! ಇಷ್ಟು ವರ್ಷ ಪ್ರೀತಿ ಎಂದುಕೊಂಡು ತಾನು ಮಾಡಿದ್ದು ಇದೇ ಎಂದು ಅವಳಿಗೆ ಆಗ ತಿಳಿಯಿತು, ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ನಂಗೊತ್ತಿಲ್ಲ ಮಗಳೇ" ಎಂದಳು.

ಆ ಮಾತನ್ನು ಅವಳು ಮಗಳಿಗೆ ಎಂದೂ ಹೇಳಿರಲಿಲ್ಲ. ಸುಂದುಸ್‌ಳ ಮುಖ ಸಂತೆಯಲ್ಲಿ ಕೈ ತಪ್ಪಿದ ಮಗುವಿನ ಮುಖದಂತಾಯಿತು. ಶೇಖ್ ಪುಸ್ತಕ ಮುಚ್ಚಿದರು. ಹುಡುಗಿಯನ್ನು ಒಬ್ಬಳೇ ಬಿಡಿ, ಎಷ್ಟು ದಿನ ಬೇಕಾದರೂ ಆಗಲಿ ಎಂದು ಎಲ್ಲರನ್ನೂ ಹೊರಗೆ ಕಳಿಸಿ ತಾವೂ ಹೊರಬಂದರು.

ಫವ್ವಾಜ್ ಓಡಿ ಬಂದ.

"ಅವಳ ಮನಸ್ಸು ನಂಗೊತ್ತು ಅಂತ ನೀನೇ ಹೇಳಿದ್ದೆಯಲ್ಲೇ."

"ಹೇಳಿದ್ದೆ. ಅವಳನ್ನ ಕೇಳಿರಲಿಲ್ಲ."

"ಕಾಫಿ ಕುಡಿದಾಗಿದೆ. ಈಗ ಅವರಿಗೆ ಏನಂತ ಹೇಳ್ಲಿ?"

ಇದನ್ನೇ ಹೇಳಿ ಎಂದಳು ಇಂತಿಸಾರ್. ಒಳಗೆ ಮಗಳು ಬಿಕ್ಕುವುದು ಕೇಳಿ, ತಡೆಯಲಾರದೆ ಬಾಗಿಲು ತಳ್ಳಿದಳು. ಬಾಗಿಲು ತೆರೆಯಲಿಲ್ಲ. ಸುಂದುಸ್ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಆ ಮನೆಯಲ್ಲಿ ಅವಳು ಚಿಲಕ ಹಾಕಿದ್ದು ಅದೇ ಮೊದಲು.