ಥರ್ಮೊಕೋಲಿನ ರೆಕ್ಕೆ

ಠಾಣೆಯ ಮಾಜಿವಾಡಾದಲ್ಲಿ ರಿಕ್ಷಾ ಇಳಿಯುವಾಗಲೇ ಸೈದಪ್ಪನ ಮೊಣಕಾಲು ಹಿಡಿದುಕೊಂಡಿತ್ತು. ರಿಮೋಟಿನ ವಿಮಾನ ಮಾರುವ ಅಂಗಡಿ ಎರಡನೆಯ ಮಾಳಿಗೆಯಲ್ಲಿದೆ, ಲಿಫ್ಟು ಕೆಟ್ಟಿದೆ ಎಂದು ಕೆಳಗಿದ್ದ ವಾಚ್‌ಮನ್ ಹೇಳಿದ. ದಿನವಿಡೀ ಫ್ರಿಜ್ಜು, ವಾಷಿಂಗ್ ಮಷೀನು ಹೊರುವವನಿಗೆ ಎರಡು ಮಾಳಿಗೆ ಏನು ಮಹಾ ಎಂದು ಯಾರಾದರೂ ಕೇಳಬಹುದು. ಕೇಳುವವರು ಒಮ್ಮೆ ಹೊತ್ತು ನೋಡಲಿ. ರಜೆಯ ದಿನ ಖಾಲಿ ಕೈಯಲ್ಲಿ ಹತ್ತುವ ಮೆಟ್ಟಿಲೇ ಹೆಚ್ಚು ನೋಯಿಸುತ್ತದೆ. ಮಗಳು ಕಾಂಚನಾ ಮುಂದೆ ಮುಂದೆ ಹತ್ತುತ್ತಿದ್ದಳು, ತಿರುಗಿ ನೋಡಲಿಲ್ಲ. ಐದು ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಹೇಳಲೇಬೇಕಾದ್ದು ಏನಾದರೂ ಇದ್ದರೆ ಹಿಂದಿಯಲ್ಲಿ ಹೇಳುತ್ತಿದ್ದಳು, ರಿಕ್ಷಾದವನಿಗೆ ಹೇಳಿದ ಹಾಗೆ.

ತಪ್ಪು ಸೈದಪ್ಪನದೇ. ಅದನ್ನು ಅವನು ಒಪ್ಪಿರಲಿಲ್ಲ, ಅಷ್ಟೇ.

ಕಾಂಚನಾ ಖಾರಘರದ ಕಾಲೇಜಿನಲ್ಲಿ ಎರಡನೆಯ ವರ್ಷದ ಎಂಜಿನಿಯರಿಂಗ್. ಅಲ್ಲಿ ರಿಮೋಟಿನ ವಿಮಾನ ಹಾರಿಸುವವರ ಒಂದು ತಂಡವಿತ್ತು. ತಂಡದಲ್ಲಿ ಹಾರಿಸುವ ಜಾಗ ಒಂದು ಖಾಲಿಯಾಗಿತ್ತು, ಸರ್ ಅದನ್ನು ಇವಳಿಗೆ ಕೊಡುವ ಮನಸ್ಸು ಮಾಡಿದ್ದರು. ಎರಡು ತಿಂಗಳು ಕಾಲೇಜಿನ ಕಂಪ್ಯೂಟರಿನಲ್ಲಿ ಸುಳ್ಳು ವಿಮಾನ ಹಾರಿಸಿ ಕಲಿತಿದ್ದಳು. ಇನ್ನು ನಿಜವಾದದ್ದನ್ನು ತಾನೇ ಜೋಡಿಸಿ, ಭಾನುವಾರ ಮೈದಾನದಲ್ಲಿ ಎಲ್ಲರೆದುರು ಏರಿಸಿ ಇಳಿಸಿ ತೋರಿಸಬೇಕು. ಅದಕ್ಕೆಂದು ತಂಡದ ಕಲಿಕೆಯ ವಿಮಾನವನ್ನು ಡಬ್ಬಿಯ ಸಮೇತ ತಾವಿದ್ದ ಶಹಾಡಿನ ಚಾಳಿಗೆ ತಂದಿದ್ದಳು.

ಆವತ್ತು ಸೈದಪ್ಪ ಕೆಲಸದಿಂದ ಬಂದಾಗ ಅವಳು ಕೆಳಗೆ ನಲ್ಲಿಯ ಹತ್ತಿರ ಇದ್ದಳು. ಹೆಂಡತಿ ಮರಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಇದ್ದೊಂದು ಖೋಲಿ, ಅದರ ನಡುವೆ ಬಿಚ್ಚಿದ ಡಬ್ಬಿ. ಸೈದಪ್ಪನ ಕೆಲಸವೇ ಅದು: ಗೋದಾಮಿನಿಂದ ಟೆಂಪೊದಲ್ಲಿ ಮಾಲು ಒಯ್ಯುವುದು, ಗಿರಾಕಿಯ ಮನೆಯಲ್ಲಿ ಇಳಿಸಿ ಡಬ್ಬಿ ಬಿಚ್ಚುವುದು, ಥರ್ಮೊಕೋಲು ಮುರಿದು ಚೀಲಕ್ಕೆ ತುಂಬಿ, ಮೇಲೆ ನಿಂತು ತುಳಿದು, ಕಸ ಹೊರಗೆ ಹಾಕಿ ಬರುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ ಕೈ ಯಾರ ಅಪ್ಪಣೆಗೂ ಕಾಯಲಿಲ್ಲ. ಮೋಟರು, ಬ್ಯಾಟರಿ, ರಿಮೋಟು ಎಲ್ಲ ಜೋಪಾನವಾಗಿ ಗೋಡೆಯ ಹಲಗೆಯ ಮೇಲಿಟ್ಟ. ಬಿಳಿ ಥರ್ಮೊಕೋಲನ್ನೆಲ್ಲ ಮುರಿದು ತುಳಿದು ಕಸದ ಘಂಟಾಗಾಡಿಗೆ ಹಾಕಿ ಬಂದ. ಆ ಬಿಳಿಯದರಲ್ಲಿ ಎರಡು ರೆಕ್ಕೆಯೂ ಒಂದು ಬಾಲವೂ ಇದ್ದವು.

ಕಾಂಚನಾ ಕೊಡ ಇಳಿಸಿ ನೋಡಿದಳು. ಕೂಗಲಿಲ್ಲ. ಕೂಗಿದವನು ಸೈದಪ್ಪ. ವಿಮಾನವನ್ನು ಥರ್ಮೊಕೋಲಿನಲ್ಲಿ ಮಾಡುವ ಹುಚ್ಚರು ಯಾರು, ಮಾಡಿದರೂ ಮನೆಯಲ್ಲಿ ಹೇಳುವುದಕ್ಕೆ ಬಾಯಿ ಇರಲಿಲ್ಲವೇ ಎಂದು ಅಕ್ಕಪಕ್ಕದ ಖೋಲಿಗೆಲ್ಲ ಕೇಳುವಂತೆ ಬೈದ. ಬೈದು ಉಂಡು ಮಲಗಿದ. ನಿದ್ದೆ ಬರಲಿಲ್ಲ.

ಸರ್ ಹೇಳಿ ಕಳಿಸಿದ್ದು ಇಷ್ಟೇ: ಭಾನುವಾರದೊಳಗೆ ಬೇರೆ ವಿಮಾನ ತರಲಿ, ಇಲ್ಲವಾದರೆ ಜಾಗ ಇನ್ನೊಬ್ಬರಿಗೆ. ಹಳೆಯ ರಿಮೋಟೇ ನಡೆಯುತ್ತದಂತೆ. ಸೈದಪ್ಪ ಗುರುವಾರ ರಜೆ ಹಾಕಿದ. ಅದರ ಬದಲಿಗೆ ಶನಿವಾರ ಎರಡು ಪಾಳಿ ಒಪ್ಪಿಕೊಂಡ.

ಅಂಗಡಿಯವನ ಹೆಸರು ಜಯಶೀಲ, ಉಡುಪಿ ಕಡೆಯವನು. ಸೈದಪ್ಪನ ಮಾತು ಕೇಳಿ ಕನ್ನಡಕ್ಕೆ ಇಳಿದ, ಫ್ಯಾನಿನ ಕೆಳಗೆ ಎರಡು ಸ್ಟೂಲು ಹಾಕಿದ. ಕಾಂಚನಾ ಮೊಬೈಲಿನಲ್ಲಿ ಹಳೆಯ ವಿಮಾನದ ಫೋಟೊ ತೋರಿಸಿ ಬರೀ ರೆಕ್ಕೆ ಸಿಗುತ್ತದೆಯೇ ಎಂದು ಕೇಳಿದಳು. ಆ ನಮೂನೆ ಬರುವುದು ನಿಂತು ಎರಡು ವರ್ಷವಾಯಿತು ಎಂದ ಜಯಶೀಲ. ಹೇಗೆ ಮುರಿಯಿತು ಎಂದು ಕೇಳಿದ. ಕಾಂಚನಾ ಮೊಬೈಲು ಒಳಗಿಟ್ಟಳು.

ಸೈದಪ್ಪನ ಕಣ್ಣು ಆಗಲೇ ಮೇಲಿನ ಹಲಗೆಗೆ ಹೋಗಿತ್ತು. ಅಲ್ಲೊಂದು ಯುದ್ಧವಿಮಾನ. ಹಸಿರು ಬಣ್ಣ, ಮೂತಿಗೆ ಹಲ್ಲು ಬರೆದಿತ್ತು, ರೆಕ್ಕೆ ಹೊಟ್ಟೆಯ ಕೆಳಗೆ. ಇಳಿಸಿ ಬೆರಳ ಗೆಣ್ಣಿನಿಂದ ಬಡಿದ. ಕಟ್ಟಿಗೆ, ಒಳ್ಳೆಯ ಗಟ್ಟಿ ಕಟ್ಟಿಗೆ. ಇದನ್ನು ಯಾವನೂ ಕಸವೆಂದು ತಿಳಿಯಲಾರ. ಇದನ್ನೇ ಕೊಡು ಎಂದ.

ಕಾಂಚನಾ ಅದನ್ನು ನೋಡಿದಳು, ಅಪ್ಪನ ಮುಖ ನೋಡಿದಳು. "ಜೋ ಲೇನಾ ಹೈ ಲೇ ಲೋ," ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂತಳು. ಬೇಕಾದ್ದು ತಗೋ, ನನಗೇನು ಎನ್ನುವ ಹಾಗೆ.

ಜಯಶೀಲ ತಲೆ ಅಲ್ಲಾಡಿಸಿದ. ಇದು ಚೆನ್ನಾಗಿ ಕಲಿತವರಿಗೆ, ಹೊಸಬರ ಕೈಯಲ್ಲಿ ಒಂದು ನಿಮಿಷ ನಿಲ್ಲುವುದಿಲ್ಲ ಎಂದ. ಮೂಲೆಯಿಂದ ಇನ್ನೊಂದು ಡಬ್ಬಿ ತಂದು ಬಿಚ್ಚಿದ. ಒಳಗೆ ಮತ್ತದೇ ಬಿಳಿ. ಬಿಳಿಯ ಅಚ್ಚಿನೊಳಗೆ ಬಿಳಿಯ ರೆಕ್ಕೆ.

ಸೈದಪ್ಪನಿಗೆ ರಕ್ತ ತಲೆಗೇರಿತು. "ಏನ್ ಸೇಟ, ಹಳ್ಳಿಯವ ಅಂತ ಥರ್ಮೊಕೋಲ ಮಾರ್ತಿ ಏನು? ಇಂಥಾದ್ದು ದಿನಕ್ಕ ನಾಕ್ ಚೀಲ ತುಳೀತೀನಿ ನಾನು."

"ತುಳಿಯಿರಿ ಮಾರಾಯ್ರೆ, ಯಾರು ಬೇಡ ಹೇಳಿದ್ದು? ಹಣ ಕೊಟ್ಟ ಮೇಲೆ ತುಳಿಯಿರಿ," ಎಂದ ಜಯಶೀಲ. ಅವನಿಗೆ ಇಂಥ ಗಿರಾಕಿಗಳು ಹೊಸಬರಲ್ಲ. ಮಾತಾಡುತ್ತಲೇ ರೆಕ್ಕೆ ಸಿಕ್ಕಿಸಿದ, ಬ್ಯಾಟರಿ ಒಳಗಿಟ್ಟ. ಯುದ್ಧವಿಮಾನಕ್ಕೂ ಒಂದು ಬ್ಯಾಟರಿ ಹಾಕಿದ. ರೆಕ್ಕೆಯ ಕೆಳಗೆ, ಆ ಕಡೆಗೊಂದು ಈ ಕಡೆಗೊಂದು ಬೆರಳು ಕೊಟ್ಟು ಎತ್ತಿ ನೋಡಿ ಎಂದ. ಭಾರ ನೋಡುವುದು ಹೀಗೆ, ಮುಂದೂ ಬಾಗಬಾರದು, ಹಿಂದೂ ಬಾಗಬಾರದು.

ಭಾರದ ವಿಷಯ ಸೈದಪ್ಪನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಟೆಂಪೊದಲ್ಲಿ ಮಾಲು ಹಿಂದೆ ಹೆಚ್ಚಾದರೆ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಅವನೇ ಎಷ್ಟೋ ಡ್ರೈವರುಗಳನ್ನು ಬೈದು ಮಾಲು ಸರಿಸಿ ಇಡಿಸಿದ್ದ. ಮೊದಲು ಹಸಿರು ವಿಮಾನ ಎತ್ತಿದ. ನಿಂತಿತು, ಆದರೆ ಕೈ ಚೂರು ಅಲುಗಿದ್ದೇ ಒಂದು ಮಗ್ಗುಲಿಗೆ ವಾಲಿ ಉರುಳಲು ನೋಡಿತು. ಎದೆಗೆ ಒತ್ತಿ ಹಿಡಿದ. ಆಮೇಲೆ ಬಿಳಿಯದನ್ನು ಎತ್ತಿದ. ಅದರ ರೆಕ್ಕೆ ಮೈಯ ಮೇಲಿತ್ತು, ಮೈ ಕೆಳಗೆ ತೂಗಿತು. ಬೇಕೆಂದೇ ವಾಲಿಸಿದ. ತಾನಾಗಿ ಮರಳಿ ನೆಟ್ಟಗಾಯಿತು. ಇನ್ನೊಮ್ಮೆ ವಾಲಿಸಿದ. ಇನ್ನೊಮ್ಮೆ ನೆಟ್ಟಗಾಯಿತು.

ಇದು ಸೈದಪ್ಪ ಹೊತ್ತು ಕಂಡ ಲೆಕ್ಕವೇ. ತಲೆಯ ಮೇಲಿನ ಭಾರಕ್ಕೆ ಕಾಲು ತಪ್ಪಿದರೆ ಆಳು ಬೀಳುತ್ತಾನೆ. ಹೆಗಲ ಮೇಲೆ ಬಿದಿರಿಟ್ಟು ಕೆಳಗೆ ಹಗ್ಗದಲ್ಲಿ ತೂಗುಬಿಟ್ಟ ಭಾರ ಓಲಾಡಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ದೊಡ್ಡ ಮಷೀನುಗಳನ್ನು ಅವನು ಹಾಗೆಯೇ ಹೊರಿಸುತ್ತಿದ್ದ.

"ಬಿದ್ರ?" ಎಂದು ಕೇಳಿದ. ದನಿ ಇಳಿದಿತ್ತು.

"ಬೀಳ್ತದೆ. ಮೊದಲ ದಿನ ಬೀಳದೆ ಕಲಿತವರು ಯಾರೂ ಇಲ್ಲ," ಎಂದ ಜಯಶೀಲ. "ಮರದ್ದು ಬಿದ್ದರೆ ಚಕ್ಕೆ ಚಕ್ಕೆ, ಆರಿಸಿಕೊಂಡು ಮನೆಗೆ ಹೋಗುದು. ಇದು ಬಿದ್ದರೆ ಗೋಂದು ಹಚ್ಚಿ, ಟೇಪು ಸುತ್ತಿ, ಹತ್ತು ನಿಮಿಷದಲ್ಲಿ ಮತ್ತೆ ಹಾರಿಸಬಹುದು."

ಅದೂ ನಿಜವೇ. ಫ್ರಿಜ್ಜು ಟೆಂಪೊದಿಂದ ಜಾರಿದಾಗ ಪೆಟ್ಟು ತಿನ್ನುವುದು ಥರ್ಮೊಕೋಲು, ಫ್ರಿಜ್ಜಲ್ಲ. ಇದನ್ನು ಅವನು ನೂರು ಸಲ ನೋಡಿದ್ದ. ನೋಡಿಯೂ ತುಳಿದಿದ್ದ.

ಅವನು ಬಿಳಿಯ ವಿಮಾನವನ್ನು ಮಗಳ ಮುಂದೆ ಹಿಡಿದ. "ನಿನಗ ಯಾವುದು ಬೇಕಿತ್ತು?"

ಅವಳು ಬಿಳಿಯದರ ಕಡೆ ಬೆರಳು ತೋರಿಸಿದಳು.

"ಮತ್ತ ಮೊದಲ ಯಾಕ ಹೇಳ್ಲಿಲ್ಲ ಯವ್ವಾ?"

"ಹೇಳಿದ್ರ ಕೇಳ್ತಿದ್ಯಾ ನೀ?" ಎಂದಳು ಕಾಂಚನಾ. ಕನ್ನಡದಲ್ಲೇ ಹೇಳಿದಳು, ಅದಕ್ಕೇ ಚುಚ್ಚಿತು.

ಸೈದಪ್ಪನ ಬಾಯಿಗೆ ಬೈಗುಳ ಬಂತು, ನಿಂತಿತು. ಜಯಶೀಲ ಬಿಲ್ಲು ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ. ಗೋಂದಿನ ಟ್ಯೂಬು, ಟೇಪಿನ ಸುರುಳಿ ತಾನಾಗಿ ಡಬ್ಬಿಗೆ ಹಾಕಿದ.

ಠಾಣೆ ಸ್ಟೇಷನ್ನಿನಲ್ಲಿ ಗರ್ದಿ. ಸೈದಪ್ಪ ಡಬ್ಬಿಯನ್ನು ತಲೆಯ ಮೇಲಿಟ್ಟು ಲೋಕಲ್ ಗಾಡಿಯ ಬಾಗಿಲ ಪಕ್ಕದ ತಗಡಿಗೆ ಆತುಕೊಂಡು ನಿಂತ. ಮುಂಬ್ರಾ ದಾಟಿತು, ಡೊಂಬಿವಲಿ ದಾಟಿತು, ಕೈ ಇಳಿಸಲಿಲ್ಲ. ಇಷ್ಟು ಹಗುರಾದ ಮಾಲು ಅವನು ಜನ್ಮದಲ್ಲಿ ಹೊತ್ತಿರಲಿಲ್ಲ, ತೋಳು ಮಾತ್ರ ಕಿತ್ತು ಬರುವಂತೆ ನೋಯುತ್ತಿತ್ತು. ಕಲ್ಯಾಣದಲ್ಲಿ ಗಾಡಿ ಬದಲಿಸುವಾಗ ಕಾಂಚನಾ ಡಬ್ಬಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ.

ಮನೆಯಲ್ಲಿ ಡಬ್ಬಿಯನ್ನು ನೆಲದ ಮೇಲಿಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿ ಗೋಡೆಗೆ ಒರಗಿ ಕೂತ. "ನೀನೇ ಬಿಚ್ಚು. ಯಾವುದು ಇಡೂದು ಯಾವುದು ಒಗೆಯೂದು, ನೀ ಹೇಳಿದ ಮ್ಯಾಲೇ ನಾ ಮುಟ್ಟೂದು," ಎಂದ. ಮರಗಮ್ಮ ರೊಟ್ಟಿ ಬಡಿಯುವುದು ಬಿಟ್ಟು ಗಂಡನನ್ನು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನ ಬಾಯಲ್ಲಿ ಇಂಥ ಮಾತು ಅವಳು ಕೇಳಿರಲಿಲ್ಲ. ಕಾಂಚನಾ ಒಂದೊಂದೇ ತುಂಡು ತೆಗೆದು ಎರಡು ಗುಂಪು ಮಾಡಿದಳು. ಇದು ಕಸ ಎಂದು ಅವಳು ಹೇಳಿದ್ದನ್ನೂ ಅವನು ಒಗೆಯಲಿಲ್ಲ. ಭಾನುವಾರ ಆಗಲಿ ಎಂದು ಹಲಗೆಯ ಮೇಲೆ ಪೇರಿಸಿದ.

ಶನಿವಾರದ ಎರಡು ಪಾಳಿ ಮುಗಿಸಿ, ಮೂರು ತಾಸು ಮಲಗಿ, ಭಾನುವಾರ ಬೆಳಿಗ್ಗೆ ಮಗಳ ಜೊತೆ ಹೊರಟ. ಬರುವುದು ಬೇಡ ಎಂದು ಅವಳು ಎರಡು ಸಲ ಹೇಳಿದಳು. ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿದು ಖಾರಘರ ಮುಟ್ಟಿದಾಗ ಗುಡ್ಡದ ಮೇಲೆ ಬಿಸಿಲು ಬಂದಿತ್ತು. ಮೈದಾನದಲ್ಲಿ ಏಳೆಂಟು ಹುಡುಗ ಹುಡುಗಿಯರು, ಟೋಪಿ ಹಾಕಿದ ಸರ್. ಅವರಿಗೆ ನಮಸ್ಕಾರ ಹೇಳಿ ಸೈದಪ್ಪ ಒಂದು ಬೇವಿನ ಮರದ ಕೆಳಗೆ ಕೂತ. ಖಾಲಿ ಡಬ್ಬಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡ. ಕಾಂಚನಾ ರಿಮೋಟು ಹಿಡಿದು ನಡುವೆ ಹೋಗಿ ನಿಂತದ್ದು ಕಂಡಿತು. ಮೋಟರು ಗುಂಯ್ ಎಂದದ್ದು ಕೇಳಿತು. ಬಿಳಿಯದು ನೆಲ ಬಿಟ್ಟಿತು, ಗಾಳಿಗೆ ಒಂದು ಕಡೆ ವಾಲಿತು. ಅವನ ಎರಡು ಬೆರಳು ತಾವಾಗಿ ಮೇಲೆದ್ದವು. ಅದು ನೆಟ್ಟಗಾಯಿತು.

ಅಲ್ಲಿಂದ ಮುಂದೆ ಅವನಿಗೆ ಗೊತ್ತಿಲ್ಲ.

ಯಾರೋ ಭುಜ ಅಲುಗಿಸಿದಾಗ ಎಚ್ಚರವಾಯಿತು. ಬಿಸಿಲು ಮುಖದ ಮೇಲೆ ಬಿದ್ದಿತ್ತು, ತಲೆ ಡಬ್ಬಿಯ ಮೇಲಿತ್ತು. ಕಾಂಚನಾ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ವಿಮಾನ, ಅದರ ಒಂದು ರೆಕ್ಕೆಗೆ ಮೂರು ಸುತ್ತು ಟೇಪು.

"ಬಿತ್ತೇನು?"

"ಬಿತ್ತು. ಎರಡು ಸಲ ಬಿತ್ತು."

"ಆಮ್ಯಾಲ?"

"ಆಮ್ಯಾಲ ಸರಿ ಇಳೀತು. ಸರ್ ತಂಡಕ್ಕ ನನ್ನ ಹೆಸರು ಬರಕೊಂಡ್ರು," ಎಂದಳು. ಟೇಪಿನ ತುದಿ ಒತ್ತಿ ಕೂರಿಸುತ್ತ, "ನೀ ಗೊರಕಿ ಹೊಡೀತಿದ್ದಿ. ಎಲ್ಲಾರೂ ಕೇಳಿದ್ರು," ಎಂದಳು.

ಸೈದಪ್ಪ ನೆಲಕ್ಕೆ ಕೈಯೂರಿ ಎದ್ದ. ಮೊಣಕಾಲು ಮತ್ತೆ ಹಿಡಿದುಕೊಂಡಿತು. ಅವನ ತಲೆಯ ಭಾರಕ್ಕೆ ಡಬ್ಬಿಯ ಒಂದು ಮೂಲೆ ಕುಸಿದಿತ್ತು. ಒಳಗಿನಿಂದ ಬೆರಳು ಹಾಕಿ ಆ ಮೂಲೆಯನ್ನು ನೆಟ್ಟಗೆ ಮಾಡಿದ. ಆಮೇಲೆ ವಿಮಾನ ಇಡಲು ಡಬ್ಬಿಯನ್ನು ಮಗಳ ಮುಂದೆ ಹಿಡಿದು ನಿಂತ.